ಹರೆಯದ ಪ್ರೇಮಕಥೆಗಳು ಮತ್ತು ಜಪಾನಿನ ಮಾಂಗಾ: ಒಬ್ಬ ವಾಚಕನ ನೇರ ಅಭಿಪ್ರಾಯ

ಮಕ್ಕಳು ಏನನ್ನು ಓದುತ್ತಾರೆಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಅಂಕಗಳು ಇಳಿದಾಗ ಮಾತ್ರ ಏಳುತ್ತದೆ. ಅಂಕಗಳು ಸರಿಯಾಗಿರುವವರೆಗೆ ಹದಿನೈದು ವರ್ಷದ ಮಗಳ ದಿಂಬಿನ ಕೆಳಗೆ ಯಾವ ಪುಸ್ತಕವಿದೆಯೆಂದು ನೋಡುವ ಗೋಜಿಗೆ ತಂದೆತಾಯಿಗಳು ಹೋಗುವುದಿಲ್ಲ. ಇಳಿದ ದಿನ ಆ ಪುಸ್ತಕವೇ ಅಪರಾಧಿಯಾಗಿ ನಿಲ್ಲುತ್ತದೆ. ಮುಂಬಯಿಯಲ್ಲಾಗಲಿ, ಪುಣೆ, ಹೈದರಾಬಾದುಗಳಲ್ಲಾಗಲಿ ಕನ್ನಡಿಗರ ಮನೆಗಳಲ್ಲಿ ಇಂದು ಹೀಗೆ ಅಪರಾಧಿಸ್ಥಾನದಲ್ಲಿ ನಿಂತಿರುವ ಪುಸ್ತಕಗಳು ಎರಡು ಬಗೆಯವು. ಒಂದು, ಜಪಾನಿನಿಂದ ಇಂಗ್ಲಿಷಿನ ಮೂಲಕ ಬಂದಿರುವ, ಬಲದಿಂದ ಎಡಕ್ಕೆ ಓದಬೇಕಾದ ಮಾಂಗಾ ಎಂಬ ಚಿತ್ರಕಥೆ. ಇನ್ನೊಂದು, ಅಮೆರಿಕ ಮತ್ತು ಇಂಗ್ಲೆಂಡಿನ ಪ್ರಕಾಶಕರು 'ಯಂಗ್ ಅಡಲ್ಟ್' ಎಂಬ ಹಣೆಪಟ್ಟಿ ಅಂಟಿಸಿ ಕಳುಹಿಸುವ ಪ್ರೇಮಕಾದಂಬರಿ.

ಇವನ್ನು ಓದದೆಯೇ ಬೈಯುವ ಹಿರಿಯರು ಬಹಳ. ಓದಿ ಬೈಯುವುದು ಹೆಚ್ಚು ನ್ಯಾಯವೆಂದು ತೋರಿದ್ದರಿಂದ ನಾನು ಓದಿದೆ. ಓದಿದ ಮೇಲೆ ಬೈಯಬೇಕಾದದ್ದು ಅರ್ಧ ಮಾತ್ರ ಉಳಿಯಿತು. ರಕ್ತದೊತ್ತಡ, ಮಧುಮೇಹ, ಮೊಣಕಾಲಿನ ನೋವುಗಳ ಕುರಿತ ಲೇಖನಗಳಿರುವ ಸ್ಮರಣಸಂಚಿಕೆಯಲ್ಲಿ ಇಂಥ ವಿಷಯಕ್ಕೇನು ಕೆಲಸವೆಂದು ಕೇಳುವವರಿದ್ದರೆ, ಅವರಿಗೆ ನನ್ನ ಉತ್ತರವಿಷ್ಟೇ: ಈ ಪುಸ್ತಕಗಳಲ್ಲಿರುವಷ್ಟು ರೋಗಿಗಳು ನಮ್ಮ ಬಡಾವಣೆಯ ದವಾಖಾನೆಯಲ್ಲಿಯೂ ಇರಲಾರರು. ನಮ್ಮ ಹದಿಹರೆಯದವರು ಕ್ಯಾನ್ಸರಿನ ವಿಷಯವನ್ನು, ಕಿವುಡಿನ ವಿಷಯವನ್ನು, ಖಿನ್ನತೆ ಮತ್ತು ಆತ್ಮಹತ್ಯೆಯ ವಿಷಯವನ್ನು ಮೊದಲು ತಿಳಿಯುತ್ತಿರುವುದು ವೈದ್ಯರಿಂದಲ್ಲ, ನಮ್ಮಿಂದಲೂ ಅಲ್ಲ, ಈ ಕಥೆಗಳಿಂದ. ಆದುದರಿಂದ ಕಥೆಗಳು ಏನು ಹೇಳುತ್ತವೆಂಬುದು ಆರೋಗ್ಯದ ಪ್ರಶ್ನೆಯೂ ಹೌದು.

ಮೊದಲು ಮಾಂಗಾದ ವಿಚಾರ. ಹೆಸರನ್ನು ಕೇಳಿಯೇ ನಗುವ ಕನ್ನಡಿಗರಿದ್ದಾರೆ; ನಮ್ಮ ಕಿವಿಗೆ ಅದು ಬೇರೊಂದು ಪ್ರಾಣಿಯನ್ನು ನೆನಪಿಸುವುದು ಸಹಜ. ಜಪಾನೀ ಭಾಷೆಯಲ್ಲಿ ಆ ಪದಕ್ಕೆ ಮನಬಂದಂತೆ ಬರೆದ ಚಿತ್ರವೆಂದು ಸ್ಥೂಲವಾಗಿ ಅರ್ಥ. ಖ್ಯಾತ ಚಿತ್ರಕಾರ ಹೊಕುಸಾಯಿ 1814ರಿಂದ ಹೊರತಂದ ತನ್ನ ರೇಖಾಚಿತ್ರಗಳ ಸಂಪುಟಗಳಿಗೆ ಇದೇ ಹೆಸರನ್ನಿಟ್ಟಿದ್ದನು. ಇಂದಿನ ಮಾಂಗಾಕ್ಕೆ ರೂಪ ಕೊಟ್ಟವರಲ್ಲಿ ಅಗ್ರಗಣ್ಯರಾದ ಒಸಾಮು ತೆಜುಕಾ (1928–1989) ವೈದ್ಯಶಾಸ್ತ್ರವನ್ನು ಓದಿ ಪದವಿ ಪಡೆದವರೆಂಬುದನ್ನು ನಮ್ಮ ಸಂಘದ ವೈದ್ಯಮಿತ್ರರು ಗಮನಿಸಬೇಕು. ಅವರು ವೃತ್ತಿ ನಡೆಸದೆ ಲೇಖನಿ ಹಿಡಿದರು; ಆದರೆ 1973ರಲ್ಲಿ ಆರಂಭಿಸಿದ 'ಬ್ಲ್ಯಾಕ್ ಜ್ಯಾಕ್' ಮಾಲಿಕೆಯಲ್ಲಿ ಪರವಾನಗಿಯಿಲ್ಲದ ಒಬ್ಬ ಶಸ್ತ್ರವೈದ್ಯನನ್ನೇ ನಾಯಕನನ್ನಾಗಿ ಮಾಡಿದರು. ಬುದ್ಧನ ಚರಿತ್ರೆಯನ್ನೂ ಅನೇಕ ಸಂಪುಟಗಳಲ್ಲಿ ಚಿತ್ರಿಸಿದವರು ಇವರೇ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಮುಂಬಯಿಯಲ್ಲಿ ಕುಳಿತು 1967ರಿಂದ 'ಅಮರ ಚಿತ್ರಕಥೆ'ಯನ್ನು ಕಟ್ಟಿದುದನ್ನು ಹೆಮ್ಮೆಯಿಂದ ನೆನೆಯುವ ನಾವು, ಚಿತ್ರಕಥೆಯೆಂದರೆ ಮಕ್ಕಳಾಟವೆಂದು ಮೂಗು ಮುರಿಯುವುದು ಸರಿಯಲ್ಲ.

ಹೆಣ್ಣುಮಕ್ಕಳಿಗೆಂದೇ ಬರೆಯುವ ಮಾಂಗಾಕ್ಕೆ ಜಪಾನಿನಲ್ಲಿ 'ಶೋಜೊ' ಎಂದು ಹೆಸರು. ತೆಜುಕಾ ಅವರೇ 1953ರಲ್ಲಿ ಗಂಡುವೇಷದ ರಾಜಕುಮಾರಿಯೊಬ್ಬಳ ಕಥೆಯನ್ನು ಬಾಲಕಿಯರ ಪತ್ರಿಕೆಯಲ್ಲಿ ಆರಂಭಿಸಿದ್ದರು. ಆದರೆ ಆ ಪ್ರಕಾರ ನಿಜವಾಗಿ ಅರಳಿದ್ದು ಎಪ್ಪತ್ತರ ದಶಕದಲ್ಲಿ, ಹೆಂಗಸರೇ ಲೇಖನಿ ಹಿಡಿದಾಗ. ಮೋತೊ ಹಾಗಿಯೊ, ಕೇಯ್ಕೊ ತಾಕೆಮಿಯಾ ಮೊದಲಾದ ಲೇಖಕಿಯರು ಅಲ್ಲಿಯವರೆಗೆ ಗಂಡಸರು ಊಹಿಸಿ ಬರೆಯುತ್ತಿದ್ದ ಬಾಲಕಿಯ ಅಂತರಂಗವನ್ನು ಒಳಗಿನಿಂದಲೇ ಬರೆದರು. ರಿಯೋಕೊ ಇಕೆದಾ ಅವರ 'ವರ್ಸೇಲ್ಸ್‌ನ ಗುಲಾಬಿ' 1972–73ರಲ್ಲಿ ಧಾರಾವಾಹಿಯಾಗಿ ಬಂದಾಗ ಫ್ರಾನ್ಸಿನ ಮಹಾಕ್ರಾಂತಿಯ ಇತಿಹಾಸ ಜಪಾನಿನ ಶಾಲಾಬಾಲಕಿಯರ ಮಾತಿನ ವಸ್ತುವಾಯಿತು. ಅದೇ ಕಾಲದಲ್ಲಿ ನಮ್ಮಲ್ಲಿ ವಾರಪತ್ರಿಕೆ ಮನೆಗೆ ಬರುವುದನ್ನೇ ಕಾದಿದ್ದು ಎಂ. ಕೆ. ಇಂದಿರಾ, ಉಷಾ ನವರತ್ನರಾಂ ಅವರನ್ನು ಓದಿದ ತಾಯಂದಿರ ತಲೆಮಾರಿಗೆ ಈ ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. 'ಅಡುಗೆಮನೆಯ ಸಾಹಿತ್ಯ' ಎಂಬ ಹೀಗಳಿಕೆ ನಮ್ಮ ಲೇಖಕಿಯರಿಗೂ ತಪ್ಪಿರಲಿಲ್ಲ.

ಈ ಪ್ರಕಾರದ ದೋಷಗಳನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಎಲ್ಲ ನಾಯಕಿಯರ ಮುಖವೂ ಒಂದೇ ಅಚ್ಚಿನದು. ಅರ್ಧ ಮುಖವನ್ನು ಕಣ್ಣುಗಳೇ ಆಕ್ರಮಿಸಿರುತ್ತವೆ. ಕೇಶವಿನ್ಯಾಸ ಬದಲಾದರೆ ಯಾರು ಯಾರೆಂದು ತಿಳಿಯುವುದೇ ಕಷ್ಟ. ನಾಯಕ ಪ್ರವೇಶಿಸಿದೊಡನೆ ಹಿನ್ನೆಲೆಯಲ್ಲಿ ಕಾರಣವಿಲ್ಲದೆ ಹೂವುಗಳು ಅರಳುತ್ತವೆ. ಶಾಲೆಯ ಉತ್ಸವ, ಬೇಸಗೆಯ ಬಾಣಬಿರುಸು, ಕ್ರಿಸ್‌ಮಸ್ ಸಂಜೆ, ಪ್ರೇಮಿಗಳ ದಿನದ ಚಾಕೊಲೇಟು, ಇವು ನಮ್ಮ ಹಳೆಯ ಚಲನಚಿತ್ರಗಳ ಮಳೆಯ ಹಾಡಿನಂತೆ ತಪ್ಪದೆ ಬರುತ್ತವೆ. ಧಾರಾವಾಹಿಯಾಗಿ ಬರುವುದರಿಂದ ಎರಡು ಸಂಪುಟಗಳಲ್ಲಿ ಮುಗಿಯಬೇಕಾದುದು ಇಪ್ಪತ್ತಕ್ಕೆ ಬೆಳೆಯುತ್ತದೆ. ಆ ದುಡಿತದ ಭಾರ ಬರೆಯುವವರ ಮೇಲೂ ಬೀಳುತ್ತದೆಯೆಂಬುದನ್ನು ಇಲ್ಲಿಯೇ ಹೇಳಬೇಕು. ಅತ್ಯಂತ ಜನಪ್ರಿಯವಾದ 'ನಾನಾ' ಎಂಬ ಕಥೆ ಲೇಖಕಿ ಆಯಿ ಯಾಜಾವಾ ಅವರ ಅಸ್ವಾಸ್ಥ್ಯದಿಂದ 2009ರಲ್ಲಿ ಅರ್ಧಕ್ಕೇ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೂ, ಕರುಹೊ ಶೀನಾ ಅವರ 'ಕಿಮಿ ನಿ ತೊದೊಕೆ' ನನಗೆ ಬಹುವಾಗಿ ಹಿಡಿಸಿತು. 'ನಿನ್ನನ್ನು ತಲುಪಲಿ' ಎಂದು ಆ ಹೆಸರಿನ ಭಾವ. ಸಾವಾಕೊ ಎಂಬ ಹುಡುಗಿ ಉದ್ದ ಕಪ್ಪು ಕೂದಲಿನವಳು, ಮಾತು ಕಡಿಮೆ. ಭಯಾನಕ ಚಿತ್ರವೊಂದರ ಪ್ರೇತದ ಹೆಸರನ್ನು ಸಹಪಾಠಿಗಳು ಅವಳಿಗೆ ಅಂಟಿಸಿದ್ದಾರೆ. ಕಜೆಹಾಯಾ ಎಂಬ ಹುಡುಗ ಅವಳೊಡನೆ ಎಲ್ಲರಂತೆ ಮಾತನಾಡುತ್ತಾನೆ. ಕಥೆ ಇಷ್ಟೇ, ಸಂಪುಟಗಳು ಮೂವತ್ತು. ಕೈ ಹಿಡಿಯುವುದಕ್ಕೇ ವರ್ಷಗಳು ಹಿಡಿಯುವ ಈ ನಿಧಾನವನ್ನು ಕಂಡು ಮೊದಲು ಬೇಸರಪಟ್ಟರೂ, ಅದರಲ್ಲಿ ಒಂದು ಘನತೆಯಿದೆಯೆಂದು ಬರಬರುತ್ತ ತಿಳಿಯಿತು. ಅಷ್ಟೇ ಅಲ್ಲ, ಅವಳ ಬದುಕನ್ನು ಮೊದಲು ಬದಲಾಯಿಸುವುದು ಪ್ರೇಮವಲ್ಲ, ಇಬ್ಬರು ಗೆಳತಿಯರ ಸ್ನೇಹ. ಹದಿಹರೆಯದ ಒಂಟಿತನಕ್ಕೆ ಪ್ರಿಯಕರನೊಬ್ಬನೇ ಔಷಧಿಯೆಂದು ಬೋಧಿಸುವ ಪುಸ್ತಕಗಳ ರಾಶಿಯಲ್ಲಿ ಇದು ದೊಡ್ಡ ಮಾತು.

ಇಂಥ ಕಥೆಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಜಪಾನೀಯರು ಪರಸ್ಪರ ಮನೆತನದ ಹೆಸರಿನಿಂದ, ಗೌರವಸೂಚಕ ಪ್ರತ್ಯಯ ಸೇರಿಸಿ ಕರೆಯುತ್ತಾರೆ. ಒಬ್ಬರನ್ನು ಬರಿಯ ಹೆಸರಿನಿಂದ ಕರೆಯುವ ಸಲಿಗೆ ಹುಟ್ಟುವ ಕ್ಷಣವೇ ಅಲ್ಲಿ ಒಂದು ಘಟನೆ. ಲೇಖಕಿಯರು ಅದಕ್ಕಾಗಿ ಪುಟಗಟ್ಟಲೆ ಸಿದ್ಧತೆ ಮಾಡುತ್ತಾರೆ. ಇದನ್ನು ಇಂಗ್ಲಿಷ್ ವಾಚಕನಿಗೆ ಅನುವಾದಕ ವಿವರಿಸಿ ಹೇಳಬೇಕಾಗುತ್ತದೆ. 'ನೀವು' ಎಂಬುದು 'ನೀನು' ಆಗುವ ಗಳಿಗೆಯನ್ನು ಬಲ್ಲ ಕನ್ನಡಿಗನಿಗೆ ವಿವರಣೆ ಬೇಕಿಲ್ಲ. ನಮ್ಮ ಮಕ್ಕಳು ಕನ್ನಡವನ್ನು ಮನೆಯಲ್ಲಿ ಕೇಳಿ ಬೆಳೆದಿದ್ದರೆ, ಇಂಗ್ಲಿಷಿನಲ್ಲಿಯೇ ಓದಿದರೂ ಈ ಸೂಕ್ಷ್ಮ ಅವರಿಗೆ ತಟ್ಟನೆ ಹೊಳೆಯುತ್ತದೆ. ಗಂಡನನ್ನು ಹೆಸರು ಹಿಡಿದು ಕರೆಯದ ಅಜ್ಜಿಯನ್ನು ಕಂಡ ಮೊಮ್ಮಗಳಿಗಂತೂ ಹೇಳುವುದೇ ಬೇಡ.

ನಾನು ಓದಿದ ಮಾಂಗಾಗಳಲ್ಲಿ ಎಲ್ಲಕ್ಕಿಂತ ಮೇಲಾದುದು ಯೋಶಿತೋಕಿ ಒಯಿಮಾ ಅವರ 'ಕೋಯೆ ನೋ ಕತಾಚಿ'. 'ಧ್ವನಿಯ ಆಕಾರ' ಎಂದು ಕನ್ನಡಿಸಬಹುದು. ಇದು ಶೋಜೊ ಪ್ರಕಾರದ್ದಲ್ಲ. ಬಾಲಕರ ವಾರಪತ್ರಿಕೆಯೊಂದರಲ್ಲಿ 2013–14ರಲ್ಲಿ ಬಂದು ಏಳು ಸಂಪುಟಗಳಲ್ಲಿ ಮುಗಿದ ಕಥೆ. 2016ರಲ್ಲಿ ಚಲನಚಿತ್ರವೂ ಆಯಿತು. ಶೋಕೊ ಎಂಬ ಕಿವುಡ ಹುಡುಗಿ ಆರನೆಯ ತರಗತಿಗೆ ಹೊಸದಾಗಿ ಸೇರುತ್ತಾಳೆ. ಶೋಯಾ ಎಂಬ ತುಂಟ ಅವಳ ಶ್ರವಣಸಾಧನಗಳನ್ನು ಒಂದರ ಹಿಂದೊಂದರಂತೆ ಕಿತ್ತೆಸೆಯುತ್ತಾನೆ. ತರಗತಿಯೆಲ್ಲ ನಗುತ್ತದೆ, ಉಪಾಧ್ಯಾಯರು ಕಂಡೂ ಕಾಣದಂತಿರುತ್ತಾರೆ. ವಿಷಯ ಹೊರಬಿದ್ದಾಗ ಎಲ್ಲರೂ ಶೋಯಾನೊಬ್ಬನ ಕಡೆಗೆ ಬೆರಳು ತೋರಿಸುತ್ತಾರೆ, ಮರುದಿನದಿಂದ ಅವನೇ ಬಹಿಷ್ಕೃತ. ಹಲವು ವರ್ಷಗಳ ಅನಂತರ ಅವನು ಸಂಜ್ಞಾಭಾಷೆಯನ್ನು ಕಲಿತು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಆ ವೇಳೆಗೆ ಅವನು ಬದುಕನ್ನು ಮುಗಿಸಿಕೊಳ್ಳಲು ನಿಶ್ಚಯಿಸಿದ್ದವನು.

ಈ ಕಥೆಯ ಮೊದಲ ರೂಪವನ್ನು 2011ರಲ್ಲಿ ಪ್ರಕಟಿಸುವ ಮುನ್ನ ಜಪಾನಿನ ಕಿವುಡರ ಒಕ್ಕೂಟದೊಡನೆ ಪ್ರಕಾಶಕರು ಚರ್ಚಿಸಬೇಕಾಯಿತು. ವಿಷಯ ಅಷ್ಟು ನಾಜೂಕಿನದೆಂದು ಅವರು ಅಂಜಿದ್ದರು. ಲೇಖಕಿಯ ತಾಯಿ ಸಂಜ್ಞಾಭಾಷೆಯ ದುಭಾಷಿ. ಆ ತಿಳಿವಳಿಕೆ ಪುಟಪುಟದಲ್ಲಿಯೂ ಕಾಣುತ್ತದೆ. ಕೈಗಳ ಚಲನೆಯನ್ನು ಎಷ್ಟು ಎಚ್ಚರದಿಂದ ಬರೆದಿದ್ದಾರೆಂದರೆ ಮಾತಿನ ಗುಳ್ಳೆಯಿಲ್ಲದೆಯೇ ಮಾತು ತಿಳಿಯುತ್ತದೆ. ಒಂದೆಡೆ ಶೋಕೊ ತನ್ನ ಪ್ರೀತಿಯನ್ನು ಕೈಸನ್ನೆಯಿಂದಲ್ಲ, ಸ್ವಂತ ದನಿಯಿಂದಲೇ ಹೇಳಲು ಯತ್ನಿಸುತ್ತಾಳೆ. ಜಪಾನೀಯಲ್ಲಿ 'ಸುಕಿ' ಎಂದರೆ ಪ್ರೀತಿ, 'ತ್ಸುಕಿ' ಎಂದರೆ ಚಂದ್ರ. ಅವಳ ಉಚ್ಚಾರಣೆ ಸ್ಪಷ್ಟವಿಲ್ಲದ್ದರಿಂದ ಹುಡುಗ ಆಕಾಶವನ್ನು ನೋಡಿ, ಹೌದು, ಚಂದ್ರ ಸುಂದರವಾಗಿದ್ದಾನೆಂದು ಒಪ್ಪಿಕೊಳ್ಳುತ್ತಾನೆ. ನೂರು ಪ್ರೇಮಪತ್ರಗಳಿಗಿಂತ ಈ ಒಂದು ತಪ್ಪು ಕೇಳುವಿಕೆ ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮಲ್ಲಿ ಕಿವಿ ಮಂದವಾದ ಹಿರಿಯರನ್ನು ನಾವು ಹೇಗೆ ಗೇಲಿ ಮಾಡುತ್ತೇವೆ, ಶ್ರವಣಸಾಧನವನ್ನು ಧರಿಸಲು ಅವರು ಏಕೆ ನಾಚುತ್ತಾರೆ, ಇವನ್ನೆಲ್ಲ ಯೋಚಿಸುವಂತೆ ಮಾಡುವ ಪುಸ್ತಕವಿದು. ಶೋಕೊ ಎಲ್ಲದಕ್ಕೂ ತಾನೇ ಕ್ಷಮೆ ಕೇಳುತ್ತ ಹೋಗುವುದು ಮೊದಮೊದಲು ನನ್ನನ್ನು ಕೆರಳಿಸಿತು. ಆದರೆ ಆ ಅತಿವಿನಯವೂ ಒಂದು ವ್ಯಾಧಿಯ ಲಕ್ಷಣವೆಂದು ಲೇಖಕಿಯೇ ತೋರಿಸಿಕೊಡುತ್ತಾರೆ. ನಗುತ್ತಿರುವ ಹುಡುಗಿಯೇ ಒಂದು ರಾತ್ರಿ ಮಾಳಿಗೆಯಿಂದ ಹಾರಲು ಹೊರಡುತ್ತಾಳೆ.

ಇನ್ನು ನನಗೆ ಸೇರದ ಪುಸ್ತಕಗಳ ಸರದಿ. ಯೋಕೊ ಕಾಮಿಯೊ ಅವರ 'ಹಾನಾ ಯೋರಿ ದಾಂಗೊ' 1992ರಲ್ಲಿ ಆರಂಭವಾಗಿ ಏಷ್ಯಾದಲ್ಲೆಲ್ಲ ಹೆಸರಾದ ಕಥೆ. ತೈವಾನಿನಲ್ಲಿ 2001ರಲ್ಲಿಯೂ, ಕೊರಿಯಾದಲ್ಲಿ 2009ರಲ್ಲಿಯೂ ದೂರದರ್ಶನದ ಮಾಲಿಕೆಯಾಗಿ ಬಂದಿತು. ನಮ್ಮ ಮಕ್ಕಳು ಹೆಚ್ಚಾಗಿ ಬಲ್ಲದ್ದು ಕೊರಿಯಾದ ರೂಪವನ್ನು. ಹೆಸರಿನಲ್ಲಿ ಶ್ಲೇಷೆಯಿದೆ: ಹೂವಿಗಿಂತ ಕಡುಬು ಮೇಲೆಂಬ ಅಲ್ಲಿನ ಗಾದೆಯಲ್ಲಿ ಕಡುಬಿನ ಜಾಗದಲ್ಲಿ ಹುಡುಗರನ್ನು ಕೂರಿಸಿದ್ದಾರೆ. ಶ್ರೀಮಂತರ ಶಾಲೆಯಲ್ಲಿ ನಾಲ್ವರು ಪುಂಡರು ತಮಗಾಗದವರಿಗೆ ಕೆಂಪು ಚೀಟಿ ಅಂಟಿಸಿದರೆ ಇಡೀ ಶಾಲೆ ಅವರನ್ನು ಹಿಂಸಿಸಬೇಕು. ಬಡವರ ಮನೆಯ ತ್ಸುಕುಶಿ ಇದನ್ನು ಎದುರಿಸಿ ನಿಲ್ಲುತ್ತಾಳೆ. ಅಷ್ಟರವರೆಗೆ ಚೆನ್ನ. ಆದರೆ ಆ ಪುಂಡರ ನಾಯಕ ದೋಮ್ಯೋಜಿಯೇ ಅವಳ ಪ್ರಿಯಕರನಾಗುತ್ತಾನೆ. ಅವನ ಕೋಪ, ಎಳೆದಾಟ, ಬೆದರಿಕೆಗಳೆಲ್ಲ ಒಳಗೆ ಅಡಗಿದ ಒಲವಿನ ಗುರುತುಗಳೆಂದು ವಾಚಕಿಯರು ನಂಬಬೇಕೆಂದು ಕಥೆ ಕೇಳುತ್ತದೆ. ನಾನು ನಂಬಲಾರೆ. ನನಗೆ ಮಗಳಿದ್ದು ಅವಳಿಗೆ ಇಂಥ ವರ ಬಂದರೆ, ಅವನ ತಂದೆಯ ಆಸ್ತಿ ಎಷ್ಟೇ ಇರಲಿ, ಬಾಗಿಲಲ್ಲಿಯೇ ನಿಲ್ಲಿಸಿ ಕಳುಹಿಸುತ್ತಿದ್ದೆ.

ಪಶ್ಚಿಮದವರು ಈ ವಿಷಯದಲ್ಲಿ ಮೇಲೆಂದು ಯಾರೂ ತಿಳಿಯಬಾರದು. 2005ರಲ್ಲಿ ಹೊರಬಂದ ಸ್ಟೆಫೆನಿ ಮೇಯರ್ ಅವರ 'ಟ್ವೈಲೈಟ್' ಕಾದಂಬರಿಯಲ್ಲಿ ರಕ್ತಪಿಶಾಚಿ ಕುಲದ ಎಡ್ವರ್ಡ್ ನಾಯಕಿ ನಿದ್ರಿಸುತ್ತಿರುವಾಗ ಅವಳ ಕೋಣೆಗೆ ನುಸುಳಿ ನೋಡುತ್ತ ಕುಳಿತಿರುತ್ತಾನೆ. ಅದೇ ಮಾಲಿಕೆಯ ಮುಂದಿನ ಭಾಗವೊಂದರಲ್ಲಿ ಅವಳು ತನ್ನ ಗೆಳೆಯನನ್ನು ಕಾಣಲು ಹೋಗದಂತೆ ಅವಳ ವಾಹನವನ್ನೇ ಕೆಡಿಸಿಡುತ್ತಾನೆ. ಇದನ್ನು ಅತಿಶಯ ಪ್ರೇಮವೆಂದು ಕರೆದಿದ್ದಾರೆ. ಹೆಣ್ಣಿನ ಚಲನವಲನವನ್ನು ಕಾಯುವುದು, ಅವಳ ಸ್ನೇಹಿತರನ್ನು ದೂರ ಮಾಡುವುದು, ಅವಳ ದೂರವಾಣಿಯನ್ನು ಪರೀಕ್ಷಿಸುವುದು, ಇವು ಮುಂದೆ ಮನೆಯೊಳಗಿನ ಹಿಂಸೆಯಾಗಿ ಬೆಳೆಯಬಲ್ಲ ನಡತೆಗಳು. ನಮ್ಮ ಕನ್ನಡ, ಹಿಂದಿ ಚಲನಚಿತ್ರಗಳಲ್ಲಿ ಒಲ್ಲೆನೆಂದ ನಾಯಕಿಯನ್ನು ಬೀದಿಬೀದಿಯಲ್ಲಿ ಹಿಂಬಾಲಿಸಿ ಹಾಡುವ ನಾಯಕನಿಗೆ ಚಪ್ಪಾಳೆ ತಟ್ಟಿ ಬೆಳೆದ ನಾವು, ಮಕ್ಕಳು ಎಡ್ವರ್ಡನನ್ನು ಮೆಚ್ಚಿದರೆಂದು ಆಶ್ಚರ್ಯಪಡುವ ಹಕ್ಕನ್ನು ಕಳೆದುಕೊಂಡಿದ್ದೇವೆ.

ಈಗ ರೋಗದ ಮಾತು. ಪ್ರೇಮಕಥೆಗೂ ಮಾರಕವ್ಯಾಧಿಗೂ ಹಳೆಯ ನಂಟು. ಒಂದು ಕಾಲದಲ್ಲಿ ಆ ಸ್ಥಾನ ಕ್ಷಯಕ್ಕೆ ಮೀಸಲಾಗಿತ್ತು. 'ವರ್ಸೇಲ್ಸ್‌ನ ಗುಲಾಬಿ'ಯ ಆಸ್ಕರ್ ಕೂಡ ರಕ್ತ ಕೆಮ್ಮುತ್ತಾಳೆ. ಸ್ಟ್ರೆಪ್ಟೊಮೈಸಿನ್ ಬಂದು ಕ್ಷಯಕ್ಕೆ ಮದ್ದು ದೊರೆತ ಮೇಲೆ ಕಾದಂಬರಿಕಾರರು ರಕ್ತದ ಕ್ಯಾನ್ಸರಿಗೆ ವಲಸೆ ಹೋದರು. ಎರಿಕ್ ಸೀಗಲ್ಲರ 'ಲವ್ ಸ್ಟೋರಿ' 1970ರಲ್ಲಿ ಲೋಕವನ್ನೇ ಅಳಿಸಿತು. ಮರುವರ್ಷ ಬಂದ 'ಆನಂದ್' ಚಿತ್ರವನ್ನು ಮುಂಬಯಿಯ ಕನ್ನಡಿಗರು ಎಷ್ಟು ಬಾರಿ ನೋಡಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. 1984ರ 'ಬಂಧನ'ದಲ್ಲಿ ವಿಷ್ಣುವರ್ಧನ್ ವೈದ್ಯರಾಗಿದ್ದೂ ವ್ಯಾಧಿಗೆ ತುತ್ತಾದಾಗ ನಮ್ಮ ಮನೆಗಳ ಕರವಸ್ತ್ರಗಳು ಒದ್ದೆಯಾದವು. ಆದುದರಿಂದ ಮೊಮ್ಮಕ್ಕಳ ಕಣ್ಣೀರನ್ನು ಹಾಸ್ಯ ಮಾಡುವುದು ಬೇಡ.

ಜಾನ್ ಗ್ರೀನ್ ಅವರ 'ದ ಫಾಲ್ಟ್ ಇನ್ ಅವರ್ ಸ್ಟಾರ್ಸ್' 2012ರ ಪುಸ್ತಕ. ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ, ಆಮ್ಲಜನಕದ ಉರುಳೆಯನ್ನು ಎಳೆದುಕೊಂಡು ಓಡಾಡುವ ಹದಿನಾರರ ಹೇಜಲ್. ಮೂಳೆಯ ಕ್ಯಾನ್ಸರಿಗೆ ಕಾಲನ್ನು ತೆತ್ತ ಹದಿನೇಳರ ಅಗಸ್ಟಸ್. ಗ್ರೀನ್ ಯೌವನದಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಪಾದ್ರಿಯ ಸಹಾಯಕರಂತೆ ಕೆಲಸ ಮಾಡಿದವರು. ಆ ಅನುಭವ ಸುಳ್ಳಲ್ಲ. ರೋಗಿಯನ್ನು ಸಂತನನ್ನಾಗಿ ಮಾಡುವ ಹಿರಿಯರ ಚಟವನ್ನು ಹೇಜಲ್ ಚೆನ್ನಾಗಿ ಲೇವಡಿ ಮಾಡುತ್ತಾಳೆ. ಹದಿಹರೆಯದವರು ಎಲ್ಲರೂ ತತ್ತ್ವಜ್ಞಾನಿಗಳಂತೆ ಮಾತನಾಡುವುದು ಮಾತ್ರ ನನಗೆ ರುಚಿಸಲಿಲ್ಲ. ಅವಳನ್ನು ಬದುಕಿಸಿರುವ ಔಷಧಿ ಲೇಖಕರ ಕಲ್ಪನೆಯದು. ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಇದು ಹಿಂದಿಯಲ್ಲಿ 2020ರಲ್ಲಿ 'ದಿಲ್ ಬೇಚಾರಾ' ಆಗಿ ಬಂದಿತು. ಇದನ್ನು ಓದಿ ಅತ್ತವರಿಗೆ ನಾನು ಹೇಳುವುದೊಂದಿದೆ: ಥೈರಾಯ್ಡಿನ ಸಾಮಾನ್ಯ ಬಗೆಯ ಕ್ಯಾನ್ಸರುಗಳು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥವು, ಕುತ್ತಿಗೆಯ ಗಂಟು ಕಂಡೊಡನೆ ಹೇಜಲ್‌ಳನ್ನು ನೆನೆದು ಕಂಗೆಡಬೇಕಾಗಿಲ್ಲ. ಆದರೆ ಬೆಳೆಯುವ ಮಕ್ಕಳಲ್ಲಿ ಮೊಣಕಾಲಿನ ಬಳಿ ವಾರಗಟ್ಟಲೆ ಕಾಡುವ ನೋವನ್ನು, ಊತವನ್ನು, ಆಟದ ಪೆಟ್ಟೆಂದು ಕಡೆಗಣಿಸಲೂಬಾರದು. ಅಗಸ್ಟಸನ ರೋಗ ಹೆಚ್ಚಾಗಿ ಅಲ್ಲಿಯೇ, ಆ ವಯಸ್ಸಿನಲ್ಲಿಯೇ ತಲೆದೋರುವುದು.

ನಾವೊಶಿ ಆರಾಕಾವಾ ಅವರ 'ಏಪ್ರಿಲ್‌ನಲ್ಲಿ ನಿನ್ನ ಸುಳ್ಳು' ಎಂಬ ಮಾಂಗಾದಲ್ಲಿ ಪಿಟೀಲು ನುಡಿಸುವ ಹುಡುಗಿ ನಡೆಯಲಾಗದೆ ಕುಸಿಯುತ್ತಾಳೆ, ಸಾಯುತ್ತಾಳೆ. ಕೊನೆಯವರೆಗೂ ರೋಗದ ಹೆಸರಿಲ್ಲ. ಸಂಗೀತದ ಭಾಗ ಸೊಗಸಾಗಿದೆ. ಆದರೆ ಹೆಸರಿಲ್ಲದ, ಮುಖವನ್ನು ಕೆಡಿಸದ, ಖರ್ಚು ತರದ ಇಂಥ ಸುಂದರ ರೋಗಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ಬಂದವರನ್ನು ಮನೆಯಲ್ಲಿರಿಸಿಕೊಂಡು ನೋಡಿಕೊಂಡ ಕುಟುಂಬಗಳು ನಮ್ಮ ನಡುವೆ ಅನೇಕ. ಮುಂಜಾನೆಯ ಸರತಿ, ವಾಂತಿ, ಉದುರುವ ಕೂದಲು, ಅಡವಿಟ್ಟ ಒಡವೆ, ಹಿಂದಿ ಬಾರದ ತಾಯಿ ವೈದ್ಯರ ಮುಂದೆ ಕಣ್ಣು ಬಿಟ್ಟು ನಿಲ್ಲುವುದು, ಇವೆಲ್ಲ ಅವರು ಬಲ್ಲ ಸಂಗತಿಗಳು. ಈ ಪ್ರೇಮಕಥೆಗಳಲ್ಲಿ ರೋಗಿಯ ತಾಯಿಗೆ ಸಿಗುವ ಪುಟಗಳು ತೀರ ಕಡಿಮೆ. ಗ್ರೀನ್ ಇದಕ್ಕೆ ಅಪವಾದ; ತಾನು ಹೋದ ಮೇಲೆ ತಾಯಿ ತಾಯಿಯಾಗಿ ಉಳಿಯುವಳೇ ಎಂಬ ಹೇಜಲ್‌ಳ ಭಯವೇ ಆ ಪುಸ್ತಕದ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ.

ಮನಸ್ಸಿನ ರೋಗದ ವಿಷಯಕ್ಕೆ ಬಂದರೆ ಈ ಹೊಸ ಪುಸ್ತಕಗಳಲ್ಲಿ ಕೆಲವು ನಮಗೆ ಕಲಿಸಬಲ್ಲವು. ಕನ್ನಡ ವಾಚಕರಿಗೆ ಇದು ತೀರ ಹೊಸದೂ ಅಲ್ಲ. ಮೂವತ್ತೈದು ತುಂಬುವ ಮೊದಲೇ 1963ರಲ್ಲಿ ತೀರಿಕೊಂಡ ತ್ರಿವೇಣಿಯವರು 'ಶರಪಂಜರ'ದಲ್ಲಿ ಬಾಣಂತಿಯ ಮನೋವಿಕಾರವನ್ನು ಬರೆದರು. ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ಕಾವೇರಿ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ಹುಚ್ಚಿಗೆ ನೂಕುವುದು ಗಂಡನ, ಬಂಧುಗಳ, ನೆರೆಹೊರೆಯವರ ಸಂಶಯ. ರೋಗಕ್ಕಿಂತ ಮನೆಯವರ ಭಯ ಹೆಚ್ಚು ಅಪಾಯಕಾರಿಯೆಂದು ನಮ್ಮ ಲೇಖಕಿ ಅಷ್ಟು ಹಿಂದೆಯೇ ಕಂಡುಕೊಂಡಿದ್ದರು. ಅದನ್ನು ಓದಿ, ನೋಡಿ ಅತ್ತ ಮನೆಗಳಲ್ಲಿಯೇ ಇಂದು ಮಗ ಮನೋವೈದ್ಯರ ಬಳಿಗೆ ಹೋದರೆ, ಸಂಬಂಧ ಕೂಡಿಬರುವುದಿಲ್ಲವೆಂದು ಮುಚ್ಚಿಡುತ್ತೇವೆ.

ಇಚಿಗೊ ತಾಕಾನೊ ಅವರ 'ಆರೆಂಜ್' 2012ರಲ್ಲಿ ಆರಂಭವಾದ ಮಾಂಗಾ. ಭವಿಷ್ಯದಿಂದ ಬಂದ ಪತ್ರವೊಂದು, ಹೊಸದಾಗಿ ಶಾಲೆಗೆ ಸೇರಿದ ಕಾಕೆರು ಎಂಬ ಹುಡುಗ ಮುಂದೆ ಪ್ರಾಣ ಕಳೆದುಕೊಳ್ಳುವನೆಂದು ಅವನ ಗೆಳತಿಗೆ ತಿಳಿಸುತ್ತದೆ. ಕಾಲವನ್ನು ಹಿಂದಿರುಗಿಸುವ ಯಂತ್ರತಂತ್ರದ ಭಾಗ ನನಗೆ ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. ಆದರೆ ಗೆಳೆಯರು ಸೇರಿ ಅವನನ್ನು ಒಂಟಿಯಾಗಿರಲು ಬಿಡದೆ, ಅವನ ನಗುವನ್ನು ನಂಬದೆ, ಮತ್ತೆ ಮತ್ತೆ ಕೇಳುವ ಬಗೆ ನಿಜವಾಗಿಯೂ ಉಪಯುಕ್ತ. ಸಾಯುವ ಯೋಚನೆಯಿದೆಯೇ ಎಂದು ಕೇಳಿದರೆ ಇಲ್ಲದವನ ತಲೆಯಲ್ಲಿ ಅದನ್ನು ಬಿತ್ತಿದಂತಾಗುತ್ತದೆಂಬ ಭಯ ನಮ್ಮ ಹಿರಿಯರಲ್ಲಿ ಬಲವಾಗಿದೆ. ಅದು ತಪ್ಪೆಂದು, ಕೇಳುವುದರಿಂದ ಭಾರ ಇಳಿಯುತ್ತದೆಯೇ ಹೊರತು ಏರುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಯುವಜನರ ಮರಣದ ಪ್ರಮುಖ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದಾಗಿರುವಾಗ ಈ ತಿಳಿವಳಿಕೆ ಪ್ರತಿಯೊಂದು ಮನೆಗೂ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯ ಮೂಲಕ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ.

ಇದಕ್ಕೆ ತದ್ವಿರುದ್ಧವಾದುದು ಜೇ ಆಷರ್ ಅವರ 2007ರ 'ಥರ್ಟೀನ್ ರೀಸನ್ಸ್ ವೈ'. ಸತ್ತ ಹುಡುಗಿ ಧ್ವನಿಸುರುಳಿಗಳಲ್ಲಿ ಒಬ್ಬೊಬ್ಬರನ್ನೇ ದೂರುತ್ತಾಳೆ. ಸಾವು ಇಲ್ಲಿ ಸೇಡಿನ ಸಾಧನ. ಇದನ್ನಾಧರಿಸಿದ ಮಾಲಿಕೆಯಲ್ಲಿದ್ದ ಆತ್ಮಹತ್ಯೆಯ ದೃಶ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ತಾನೇ ಕತ್ತರಿಸಬೇಕಾಯಿತು. ಮನಸ್ಸು ಕುಗ್ಗಿರುವ ಮಗುವಿನ ಕೈಗೆ ಈ ಪುಸ್ತಕವನ್ನು ನಾನಂತೂ ಕೊಡೆನು.

ಇಂಗ್ಲೆಂಡಿನ ಆಲಿಸ್ ಓಸ್‌ಮನ್ ಅವರ 'ಹಾರ್ಟ್‌ಸ್ಟಾಪರ್' ಎಂಬ ಚಿತ್ರಕಥೆಯ ಹೆಸರೆತ್ತಿದರೆ ಕೆಲವರು ಹುಬ್ಬು ಗಂಟಿಕ್ಕುವರೆಂದು ಬಲ್ಲೆ, ಏಕೆಂದರೆ ಪ್ರೇಮಿಗಳಿಬ್ಬರೂ ಹುಡುಗರು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿಯೇ ಇದು ಅಪರಾಧವಲ್ಲವೆಂದು ತೀರ್ಪಿತ್ತಿದೆ. ನಾನು ಅದರ ಮೇಲೆ ಮೇಲ್ಮನವಿ ಸಲ್ಲಿಸುವವನಲ್ಲ. ಇಲ್ಲಿ ಮುಖ್ಯವಾದುದು ಬೇರೆ. ಚಾರ್ಲಿ ಎಂಬ ಹುಡುಗ ಊಟ ಬಿಡುತ್ತಾನೆ, ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಾನೆ. ತನ್ನ ಪ್ರೀತಿಯೊಂದರಿಂದಲೇ ಅವನನ್ನು ಗುಣಪಡಿಸಲು ಹೆಣಗುವ ಗೆಳೆಯನಿಗೆ, ಅದು ಪ್ರೀತಿಯಿಂದ ವಾಸಿಯಾಗುವ ಕಾಯಿಲೆಯಲ್ಲವೆಂದು ದೊಡ್ಡವರು ತಿಳಿಯಹೇಳುತ್ತಾರೆ. ಚಾರ್ಲಿ ತಂದೆತಾಯಿಗೆ ಹೇಳುತ್ತಾನೆ, ಚಿಕಿತ್ಸಾಲಯ ಸೇರುತ್ತಾನೆ, ನಿಧಾನವಾಗಿ ಸುಧಾರಿಸುತ್ತಾನೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಮಾನಸಿಕ ರೋಗಿಗಳಿಗೆ ವಧೂವರರನ್ನು ಹುಡುಕುವ ಸಮಾಜದಲ್ಲಿ ಈ ನಾಲ್ಕು ಪುಟಗಳನ್ನು ಹಿರಿಯರೂ ಓದಬೇಕು.

ಓದುವ ವೇಳೆಯ ಬಗ್ಗೆ ಒಂದೆರಡು ಮಾತು. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಕೊರಿಯಾದವರು ರೂಢಿಗೆ ತಂದ, ಬೆರಳಿನಿಂದ ಮೇಲಕ್ಕೆ ಸರಿಸುತ್ತ ಓದುವ ಮೊಬೈಲ್ ಚಿತ್ರಕಥೆಗಳಿಗೆ ಪುಟದ ಕೊನೆಯೆಂಬುದಿಲ್ಲ. ರಾತ್ರಿ ಎರಡಾದರೂ ಮುಗಿಯುವುದಿಲ್ಲ. ಮುದ್ರಿತ ಸಂಪುಟವಾದರೆ ಮುಚ್ಚಿಡಬಹುದು, ದೀಪವನ್ನೂ ಆರಿಸಬಹುದು. ಕಣ್ಣಿಗೆ ಕನ್ನಡಕ ಬಾರದಿರಲು ಹಗಲು ಹೊತ್ತು ಬಯಲಿನಲ್ಲಿ ಕಳೆಯುವ ಸಮಯ ಸಹಾಯಕವೆಂದು ನೇತ್ರವೈದ್ಯರು ಹೇಳುತ್ತಾರೆ. ಮುಂಬಯಿಯಲ್ಲಿ ಆ ಬಯಲನ್ನು ಎಲ್ಲಿಂದ ತರುವುದೆಂಬುದು ನಮ್ಮ ಸಂಚಿಕೆಯ ವ್ಯಾಪ್ತಿಗೆ ಮೀರಿದ ಪ್ರಶ್ನೆ.

ಸಂಘದ ಗ್ರಂಥಾಲಯಗಳಿಗೆ ಇಂಥ ಪುಸ್ತಕಗಳನ್ನು ತರಿಸಬಾರದು, ಕನ್ನಡದ ಹಣದಲ್ಲಿ ಕನ್ನಡ ಪುಸ್ತಕಗಳನ್ನೇ ಕೊಳ್ಳಬೇಕೆಂಬ ವಾದವನ್ನು ನಾನು ಗೌರವದಿಂದ ಕೇಳಿದ್ದೇನೆ. ಆದರೆ ಆ ಕಪಾಟುಗಳ ಮುಂದೆ ಹದಿನೈದರ ಹುಡುಗಿಯೊಬ್ಬಳು ನಿಂತದ್ದನ್ನು ನಾನು ಕಂಡಿಲ್ಲ. ಅವಳ ವಯಸ್ಸಿನ ಕಷ್ಟವನ್ನು, ಅವಳು ಓಡಾಡುವ ಲೋಕಲ್ ಗಾಡಿಯನ್ನು, ಅವಳ ಕೋಚಿಂಗ್ ತರಗತಿಯನ್ನು ಬರೆದ ಕನ್ನಡ ಕಥೆಗಳು ನನ್ನ ಕಣ್ಣಿಗೆ ಬಿದ್ದದ್ದು ಬೆರಳೆಣಿಕೆಯಷ್ಟು. ಮಕ್ಕಳ ಪದ್ಯಗಳಿವೆ, ಅನಂತರ ಒಮ್ಮೆಲೇ ದೊಡ್ಡವರ ಕಾದಂಬರಿಗಳಿವೆ; ನಡುವಿನ ಆರೇಳು ವರ್ಷ ಬರಿದು. ಅವುಗಳನ್ನು ಬರೆಯಬಲ್ಲವರು ನಮ್ಮ ಹೊರನಾಡ ಲೇಖಕ ಲೇಖಕಿಯರೇ, ಮೈಸೂರಿನಲ್ಲಿ ಕುಳಿತವರಲ್ಲ. ಅಲ್ಲಿಯವರೆಗೆ ಮಾಂಗಾ ಓದಲು ಬಂದ ಹುಡುಗಿ ಪಕ್ಕದ ಕಪಾಟಿನ ತ್ರಿವೇಣಿಯವರನ್ನು ಒಮ್ಮೆಯಾದರೂ ತೆರೆದು ನೋಡುವ ಸಂಭವವಿದೆ. ಗ್ರಂಥಾಲಯಕ್ಕೇ ಬಾರದವಳಿಗೆ ಅದೂ ಇಲ್ಲ.

ತರಿಸುವವರು ಪುಸ್ತಕದ ಹಿಂಬದಿಯ ವಯೋಸೂಚನೆಯನ್ನು ನೋಡಿ ತರಿಸಲಿ. ಪ್ರಮುಖ ಇಂಗ್ಲಿಷ್ ಪ್ರಕಾಶಕರು ಹದಿಹರೆಯದವರಿಗೆ, ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ಅಚ್ಚು ಹಾಕಿರುತ್ತಾರೆ. ಜಪಾನಿನಲ್ಲಿ ವಯಸ್ಕರಿಗಾಗಿಯೇ ಬರೆದ ಮಾಂಗಾಗಳೂ ಹೇರಳವಾಗಿರುವುದರಿಂದ, ಚಿತ್ರವಿದೆಯೆಂದ ಮಾತ್ರಕ್ಕೆ ಎಳೆಯರಿಗೆಂದು ತಿಳಿಯಬಾರದು. ನನ್ನನ್ನು ಕೇಳಿದರೆ ಮೊದಲು 'ಧ್ವನಿಯ ಆಕಾರ'ದ ಏಳು ಸಂಪುಟಗಳು, ಅನಂತರ 'ಆರೆಂಜ್', ಹಣ ಉಳಿದರೆ 'ಹಾರ್ಟ್‌ಸ್ಟಾಪರ್' ಬರಲಿ. 'ಕಿಮಿ ನಿ ತೊದೊಕೆ'ಯ ಮೂವತ್ತನ್ನು ಯಾರಾದರೂ ದಾನಿಗಳು ಕೊಡಿಸಿದರೆ ಸಂತೋಷ. ದೋಮ್ಯೋಜಿಯ ಕಥೆಯ ಮೂವತ್ತಕ್ಕೂ ಮಿಕ್ಕ ಸಂಪುಟಗಳನ್ನು ಯಾರು ಉಚಿತವಾಗಿ ಕೊಟ್ಟರೂ ಇಡುವುದಕ್ಕೆ ನಮ್ಮಲ್ಲಿ ಸ್ಥಳವಿಲ್ಲ.